ಅತ್ತೆ ಹೇಳಿದ ಲಂಡನ್ನಿನ ಕಥೆ

ಅತ್ತೆಯ ಈ ಇಂಗ್ಲಿಷ್ ಕಾದಂಬರಿಗೆ ಇಂದಿಗೂ ನೂಲಿನ ಗಂಜಿಯ ವಾಸನೆ.

ವರ್ಷಗಳ ಹಿಂದಿನ ಮಾತು. ಮರುದಿನ ಹುನಗುಂದದಿಂದ ಅತ್ತೆಯನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಜ್ಜಿ ಸೀರೆಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಿದ್ದಳು. ಆ ಕೆಲಸಕ್ಕೆ ಕೂತರೆ ಅರ್ಧಕ್ಕೆ ಏಳುವವಳಲ್ಲ. ಅತ್ತೆ ಪಕ್ಕದಲ್ಲೇ ಕೂತು ಪುಸ್ತಕದ ಕಥೆ ಹೇಳಿದಳು: ಹಳೆಯ ಲಂಡನ್, ಲಗ್ನ ಗೊತ್ತಾದ ಹುಡುಗಿ, ಕಳುವಾದ ವಜ್ರದ ಹಾರ.

"ಯಾರ ಕದ್ದಿದ್ರು?" ಅಜ್ಜಿಯ ಕೈ ನಿಂತಿತು.

"ಲಗ್ನ ಆಗಾಂವನ ಕದ್ದಿದ್ದ, ಅವ್ವಾ. ದೊಡ್ಡ ಮನಿತನ ಅಂತ ಯಾರೂ ವಿಚಾರಿಸಿರಲಿಲ್ಲ. ಹುಡುಗಿ ಒಲ್ಲೆ ಅಂದ್ಲು."

ಅಜ್ಜಿ ಉಳಿದ ಎಳೆಗಳನ್ನು ಸೇರಿಸಿ ಮುಗಿಸಿದಳು. ಸಂಜೆ ಅಪ್ಪನಿಗೆ, "ನಾಳಿ ಅವರು ಬರೂದು ಬ್ಯಾಡಂತ ಹೇಳು. ಮೊದ್ಲ ವಿಚಾರ್ಸೋಣು" ಎಂದಳು.

ಮೊನ್ನೆ ಪುಸ್ತಕವನ್ನು ನಾನೇ ಓದಿ ಮುಗಿಸಿದೆ. ಹಾರ ಕದ್ದದ್ದು ಮನೆಯ ಸಾಕು ಕೋತಿ. ಕೊನೆಯ ಪುಟದಲ್ಲಿ ಹುಡುಗಿ ಲಗ್ನ ಗೊತ್ತಾಗಿದ್ದವನನ್ನೇ ಖುಷಿಯಿಂದ ಮದುವೆಯಾಗುತ್ತಾಳೆ.