ದಿಂಬಿನೊಳಗಿನ ಗಂಟು

ಹುಚ್ಚಾಸ್ಪತ್ರೆಯಲ್ಲಿ ಅವಳಿಗೆ ದಿನಕ್ಕೊಂದು ಮಾತ್ರೆ ಕೊಟ್ಟು, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿ, ನರ್ಸ್ 'ನುಂಗಿದಳು' ಎಂದು ಬರೆಯುತ್ತಿದ್ದಳು.

ನಲವತ್ತನೆಯ ದಿನ ಡಾಕ್ಟರು ಅದನ್ನು ಓದಿ ನಕ್ಕರು.

"ಕೂಗಾಟ ಇಲ್ಲ, ಜಗಳ ಇಲ್ಲ. ಔಷಧಿ ಹಿಡಿದಿದೆ ಕಣಮ್ಮಾ. ನಾಳೆ ಮನೆಗೆ ಹೋಗು."

"ಹುಚ್ಚಿ ಅಂತ ಅಲ್ಲಿ ಮಗು ಮುಟ್ಟಕ್ಕೂ ಬಿಡಲ್ಲ ಸಾರ್. ನಂಗೆ ಹುಚ್ಚೇ ಇರ್ಲಿಲ್ಲ ಅಂತ ಬರ್ಕೊಡಿ."

"ಹಂಗಾದ್ರೆ ವಾಸಿಯಾಗಿದ್ದು ಏನಮ್ಮಾ?"

ಅವಳು ದಿಂಬಿನ ಹೊಲಿಗೆ ಬಿಚ್ಚಿ, ಒಳಗಿದ್ದ ಗಂಟನ್ನು ಅವರ ಮುಂದೆ ಸುರಿದಳು. ನಲವತ್ತು ಮಾತ್ರೆ.

"ಒಂದೂ ನುಂಗಿಲ್ಲ ಸಾರ್. ದವಡೇಲಿ ಇಟ್ಕೊಂಡು ಆಮೇಲೆ ಉಗೀತಿದ್ದೆ. ಈಗ ಬರೀರಿ."

ಡಾಕ್ಟರು ಬರೆದರು. ಅವಳು ಕೈಮುಗಿದಳು.

ಚೀಟಿಯನ್ನು ಅವರು ನರ್ಸ್ ಕೈಗೆ ಕೊಟ್ಟರು. "ಮನೆಗೆ ಕಳಿಸೋದು ಬೇಡ ಸಿಸ್ಟರ್. ನಾಳೆಯಿಂದ ಇವಳಿಗೆ ಇಂಜೆಕ್ಷನ್."