ತೇಗದ ಬಾಗಿಲು

ಕಟ್ಟುತ್ತಿದ್ದ ಮನೆಯನ್ನು ನೋಡಲು ಗಂಡ ಹೆಂಡತಿ ಪ್ರತಿ ಭಾನುವಾರ ಬರುತ್ತಿದ್ದರು. ಬಂದಾಗಲೆಲ್ಲ ನಕ್ಷೆ ಬದಲಾಗುತ್ತಿತ್ತು.

“ಮೇಸ್ತ್ರಿ, ಟಿ.ವಿ. ಗೋಡೆ ಇನ್ನೂ ಅಗಲ ಆಗ್ಲಿ.”

“ಜಾಗ ಎಲ್ಲಿದೆ ಅಮ್ಮಾವ್ರೆ?”

“ದೇವರ ಕೋಣೆಯಿಂದ ತಗೊಳ್ಳಿ. ದೇವರೇನು ಕಾಲು ಚಾಚಿ ಮಲಗ್ತಾನಾ?”

ಗಂಡ ಗಹಗಹಿಸಿ ನಕ್ಕ. ಜೊತೆಗೆ ಬಂದಿದ್ದ ಅತ್ತೆ ಮೆಲ್ಲಗೆ ಕೇಳಿದರು: “ನನ್ನ ತವರಿನ ಕೃಷ್ಣನಿಗೆ ಒಂದು ಬಾಗಿಲಾದರೂ ಇರುತ್ತೇನಮ್ಮ?”

“ನೋಡೋಣ ಅತ್ತೆ.”

ಗೃಹಪ್ರವೇಶದ ದಿನ ಅತ್ತೆ ಕೃಷ್ಣನ ವಿಗ್ರಹವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಹೊಸ್ತಿಲು ದಾಟಿದೊಡನೆ ಪಕ್ಕದಲ್ಲೇ ತೇಗದ ಜೋಡಿ ಬಾಗಿಲು, ಅದರ ತುಂಬ ಕಮಲದ ಕೆತ್ತನೆ. ಅವರ ಕಣ್ಣು ತುಂಬಿ ಬಂತು. ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಹಣೆ ಮುಟ್ಟಿಸಿ ನಮಸ್ಕರಿಸಿದರು.

ಸೊಸೆ ಓಡಿ ಬಂದಳು.

“ಅಯ್ಯೋ ಅತ್ತೆ, ಅದು ಚಪ್ಪಲಿ ಗೂಡು! ಕೃಷ್ಣನಿಗೆ ಫ್ರಿಜ್ಜಿನ ಮೇಲೆ ಜಾಗ ಮಾಡಿದೀವಿ.”