ತೊಂಬತ್ತು ಸೊನ್ನೆಗಳು

ಟೆಕ್ನಿಷಿಯನ್ ಹಾಸನ್ನು ಕುರ್ಚಿಯ ಮೇಲೆ ಹರಡಿ, ಅದರ ಮೇಲೆ ಕೂತು, ಎದ್ದ. ಪಕ್ಕದ ಪೆಟ್ಟಿಗೆ ಕೂಗಲಿಲ್ಲ. ಇನ್ನೊಮ್ಮೆ ಕೂತ, ಇನ್ನೊಮ್ಮೆ ಎದ್ದ. ಖರೀದಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ ಮುಖ್ಯ ವೈದ್ಯರು ಮೇಜಿನ ಆ ತುದಿಯಿಂದ, "ಏನಪ್ಪಾ, ಬಸ್ಕಿ ಹೊಡೀತಿದ್ದೀಯಾ?" ಎಂದರು. ಸಭೆಯಲ್ಲಿದ್ದವರೆಲ್ಲ ನಕ್ಕರು. ದೊಡ್ಡ ಸಿಸ್ಟರೂ ನಕ್ಕಳು.

ನಗದೆ ಏನು? ಹಾಸಿನ ಪರೀಕ್ಷೆ ಮುಗಿದೇ ಹೋಗಿತ್ತು. ಯಾವ ಹೊಸ ಸಲಕರಣೆ ಬಂದರೂ ಒಂದು ತಿಂಗಳು ವಾರ್ಡಿನಲ್ಲಿಟ್ಟು ನೋಡಿ, ಆಮೇಲೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಆಸ್ಪತ್ರೆಯ ಪದ್ಧತಿ. ನಿತ್ರಾಣದ ರೋಗಿ ಒಬ್ಬನೇ ಬೆಡ್ ಬಿಟ್ಟು ಎದ್ದರೆ ಕೂಗಿ ಕರೆಯುವುದು, ರೋಗಿಯ ಮೈಯಡಿಗೆ ಹಾಸಿ ಪೆಟ್ಟಿಗೆಗೆ ಜೋಡಿಸುವ ಈ ಹಾಸಿನ ಕೆಲಸ. ಹಳೆಯವು ರೋಗಿ ಮಗ್ಗುಲು ಬದಲಿಸಿದರೂ ಬೊಬ್ಬೆ ಹಾಕಿ ನರ್ಸುಗಳ ತಲೆ ಚಿಟ್ಟು ಹಿಡಿಸಿದ್ದವು. ಇದು ಹಾಗಲ್ಲ, ಹೊರಳಿದರೆ ಕೂಗದು, ಎದ್ದರೆ ಮಾತ್ರ ಕೂಗುತ್ತದೆ, ಬೆಡ್ ಪಕ್ಕದಲ್ಲೇ ಯಾರಾದರೂ ನಿಂತಿದ್ದರೆ ತೆಪ್ಪಗಿರುವಷ್ಟು ಬುದ್ಧಿಯೂ ಇದಕ್ಕಿದೆ ಎಂದು ಕಂಪನಿಯವನು ಹೊಗಳಿದ್ದ. ಪಾಳಿಯ ನರ್ಸುಗಳು ತುಂಬಬೇಕಾದ ಪರೀಕ್ಷೆಯ ಹಾಳೆಯ ಪ್ರಶ್ನೆಗಳನ್ನು ದೊಡ್ಡ ಸಿಸ್ಟರೇ ಬರೆದು ಕೊಟ್ಟಿದ್ದಳು. ದೀಪ ಉರಿಯುತ್ತಿದೆಯೇ? ಹೌದು. ಸುಮ್ಮಸುಮ್ಮನೆ ಎಷ್ಟು ಸಲ ಕೂಗಿತು? ಸೊನ್ನೆ. ದಿನಕ್ಕೆ ಮೂರು ಪಾಳಿ, ಮೂವತ್ತು ದಿನ, ತೊಂಬತ್ತು ಹಾಳೆ, ತೊಂಬತ್ತು ಸೊನ್ನೆ. ಹಳೆಯವನ್ನೆಲ್ಲ ಕಿತ್ತು ಹಾಕಿ ಇದನ್ನೇ ತರಿಸಬೇಕೆಂದು ಅವಳು ಕೆಳಗೆ ಬರೆದಿದ್ದಳು.

ಅದು ಬಾಯಿಮಾತಿನ ಮೆಚ್ಚುಗೆಯಲ್ಲ. ಐದು ದಿನದ ಹಿಂದೆ ಸೊಂಟದ ಆಪರೇಷನ್ ಆಗಿದ್ದ ತನ್ನ ಅಮ್ಮನನ್ನು ಇವತ್ತು ಬೆಳಿಗ್ಗೆ ತಾನೇ ಆ ವಾರ್ಡಿನ ಏಳನೇ ಬೆಡ್‌ಗೆ ಹಾಕಿಸಿದ್ದಳು. ಹೊಸ ಹಾಸು ಇದ್ದದ್ದು ಏಳಕ್ಕೆ ಮತ್ತು ಎಂಟಕ್ಕೆ ಮಾತ್ರ. ಅಮ್ಮ ಒಂದು ಲೋಟ ನೀರಿಗೂ ಯಾರನ್ನೂ ಕರೆಯುವವಳಲ್ಲ. ಇನ್ನೊಮ್ಮೆ ಬಿದ್ದರೆ ನಡೆದಾಡುವ ಆಸೆ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಐದು ದಿನದಿಂದ ಪಕ್ಕದಲ್ಲೇ ಕೂತಿದ್ದ ತಂಗಿಯನ್ನು, ಇನ್ನು ಇದು ನೋಡಿಕೊಳ್ಳುತ್ತದೆ, ನೀನು ಮನೆಗೆ ಹೋಗಿ ಮಲಗು ಎಂದು ಅವಳೇ ಕಳಿಸಿದ್ದಳು. "ಪೆಟ್ಟಿಗೆ ನಿಮ್ಮಿಬ್ರಿಗಿಂತ ವಾಸಿ, ಬೈಯಲ್ಲ," ಎಂದು ಅಮ್ಮ ತಮಾಷೆ ಮಾಡಿದ್ದಳು.

ಟೆಕ್ನಿಷಿಯನ್ ನಗಲಿಲ್ಲ. ಖಾಲಿ ಇದ್ದ ಎಂಟನೇ ಬೆಡ್‌ನಿಂದ ತಂದಿದ್ದ ಆ ಪೆಟ್ಟಿಗೆಯ ತಿರುಪು ಬಿಚ್ಚಿ ಒಳಗೆ ಇಣುಕಿದ.

"ಸ್ಪೀಕರಿಗೆ ವೈರೇ ಸಿಕ್ಸಿಲ್ಲ, ಸಿಸ್ಟರ್. ಸಾಗಿಸೋವಾಗ ಬಿಚ್ಚಿಟ್ಟಿದ್ದು ಹಾಗೇ ಇದೆ."

"ಹಸಿರು ದೀಪ ಉರೀತಿತ್ತಲ್ಲಪ್ಪ?"

"ಅದು ಕರೆಂಟ್ ಇದೆ ಅಂತ, ಅಷ್ಟೇ. ಒಂದು ತಿಂಗಳಲ್ಲಿ ಒಂದ್ಸಲನಾದ್ರೂ ಕೂಗಿತ್ತಾ ಇದು?"

ತೊಂಬತ್ತು ಹಾಳೆಯಲ್ಲಿ ಒಂದರಲ್ಲೂ ಆ ಪ್ರಶ್ನೆ ಇರಲಿಲ್ಲ. ಹಳೆಯವುಗಳ ಗಲಾಟೆಯಿಂದ ಬೇಸತ್ತಿದ್ದ ದೊಡ್ಡ ಸಿಸ್ಟರಿಗೆ ಕೂಗದಿರುವುದೇ ಗುಣವಾಗಿ ಕಂಡಿತ್ತು. ಹನ್ನೆರಡನೇ ದಿನ ಎಂಟನೇ ಬೆಡ್‌ನ ತಾತ ನೆಲದ ಮೇಲೆ ಸಿಕ್ಕಿದ್ದು ಈಗ ನೆನಪಾಯಿತು. ಮಣಿಕಟ್ಟು ಮುರಿದಿತ್ತು. ಕಿಟಕಿ ಮುಚ್ಚೋಣ ಅಂತ ಎದ್ದೆ ಎಂದು ಅವನು ಹೇಳಿದಾಗ ಅವಳು ತಲೆ ಸವರಿ ಅಂದಿದ್ದಳು: "ಎದ್ದಿದ್ರೆ ಇದು ಕೂಗ್ತಿತ್ತಲ್ಲ, ತಾತ. ನಿದ್ದೆಗಣ್ಣಲ್ಲಿ ಹೊರಳಿ ಬಿದ್ದಿದ್ದೀರಿ." ವಾರ್ಡಿನ ಪುಸ್ತಕದಲ್ಲೂ ಹಾಗೆಂದೇ ಬರೆಸಿದ್ದಳು. ಮನೆಗೆ ಹೋಗುವ ದಿನದವರೆಗೂ ಅವನು ಎದ್ದೆ, ಎದ್ದೆ ಎಂದು ಹಟ ಹಿಡಿದಿದ್ದ. ಪಾಪ, ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡಿದ್ದರು.

"ಏಳನೇ ಬೆಡ್‌ದು?" ಎಂದಳು.

"ಎರಡನ್ನೂ ಒಂದೇ ದಿನ ಆ ಕಂಪನಿಯವನೇ ಕೂರಿಸಿ ಹೋಗಿದ್ದು."

ವಾರ್ಡಿಗೆ ಫೋನು ಮಾಡಬಹುದಿತ್ತು. ಅದು ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆಸ್ಪತ್ರೆಯೊಳಗೆ ಓಡಬೇಡಿ ಎಂದು ಎಲ್ಲರನ್ನೂ ಗದರಿಸುತ್ತಿದ್ದವಳು ಎರಡು ಮಹಡಿ ಮೆಟ್ಟಿಲನ್ನು ಬಿದ್ದೆನೋ ಎದ್ದೆನೋ ಎಂದು ಓಡಿ ಇಳಿದಳು. ವಾರ್ಡು ತಣ್ಣಗಿತ್ತು. ಏಳನೇ ಬೆಡ್‌ನಿಂದ ಹತ್ತು ಹೆಜ್ಜೆ ಆಚೆ, ಮೇಜಿನ ಮುಂದೆ ಕೂತ ಕಿರಿಯ ನರ್ಸ್, ತಿಂಗಳು ಮುಗಿದಿದ್ದರೂ ರೂಢಿಯಂತೆ, ಇವತ್ತಿನ ಹಾಳೆಯನ್ನೂ ತುಂಬುತ್ತಿದ್ದಳು. ಏಳನೇ ಬೆಡ್‌ನ ಪರದೆ ಎಳೆದಿತ್ತು.

ಸರಿಸಿದಳು. ಬೆಡ್ ಖಾಲಿ. ಅದರ ಕಾಲ ಬಳಿ ಪೆಟ್ಟಿಗೆಯ ದೀಪ ಹಸಿರಾಗಿ ಉರಿಯುತ್ತಿತ್ತು. ಆಚೆ ಬದಿಯ ನೆಲದಲ್ಲಿ ಅಮ್ಮ ಬಿದ್ದಿದ್ದಳು. ಆಪರೇಷನ್ ಆದ ಕಾಲು ಮೈಯಡಿಗೆ ಸಿಕ್ಕಿ ಕಾಲೇ ಅಲ್ಲವೆಂಬಂತೆ ತಿರುಚಿಕೊಂಡಿತ್ತು. ಸುತ್ತ ಚೆಲ್ಲಿದ ನೀರು.

"ಎದ್ದೆ ಕಣೇ," ಎಂದಳು ಅಮ್ಮ, ಹಲ್ಲು ಕಚ್ಚಿ. "ನೀರು ಕುಡಿಯೋಣ ಅಂತ. ಒಂದೇ ಒಂದು ಹೆಜ್ಜೆ ಇಟ್ಟೆ."

ಅಷ್ಟರಲ್ಲಿ ಕಿರಿಯ ನರ್ಸ್ ಪೆನ್ನು ಹಿಡಿದೇ ಓಡಿ ಬಂದಳು. ಬಿದ್ದವಳನ್ನು ನೋಡಿದಳು, ಹಸಿರು ದೀಪವನ್ನು ನೋಡಿದಳು. ಬಗ್ಗಿ ಕೂತು, ದೊಡ್ಡ ಸಿಸ್ಟರಿಂದಲೇ ಕಲಿತ ಆ ಮೆತ್ತನೆಯ ದನಿಯಲ್ಲಿ ಅಮ್ಮನ ತಲೆ ಸವರುತ್ತಾ ಹೇಳಿದಳು:

"ಎದ್ದಿದ್ರೆ ಇದು ಕೂಗ್ತಿತ್ತಲ್ಲ, ಅಜ್ಜಿ. ನಿದ್ದೆಗಣ್ಣಲ್ಲಿ ಹೊರಳಿ ಬಿದ್ದಿದ್ದೀರಿ."